ಅರ್ಧ ನಕಾರ

ನನ್ನ ಅಡ್ಡಹೆಸರು ಆಮೆ. ನಡಿಗೆ ನಿಧಾನವೆಂದು ಇಟ್ಟ ಹೆಸರಲ್ಲ. ನಾವು ಏಳು ಜನ ಹೆಂಗಸರು ಕೆಲಸ ಮಾಡುವ ಬೈಂಡಿಂಗ್ ಅಂಗಡಿಯಲ್ಲಿ ನನ್ನಷ್ಟು ಚುರುಕಾಗಿ ಮೇಜು ಸುತ್ತುವವರು ಇನ್ನೊಬ್ಬರಿಲ್ಲ. ಇದನ್ನು ಜಂಬ ಅನ್ನುವುದಾದರೆ ಅನ್ನಿ, ನಿಜದ ಜಂಬ.

ಮೇಜು ಸುತ್ತುವುದೆಂದರೆ ಹೀಗೆ. ಅಚ್ಚಾಗಿ ಬಂದ ದೊಡ್ಡ ಹಾಳೆಗಳನ್ನು ಮಡಿಸಿ, ಮಡಿಕೆಯ ಮೇಲೆ ನಯವಾದ ಮೂಳೆಪಟ್ಟಿಯಿಂದ ಒತ್ತಿ, ಹದಿನಾರು ಪುಟದ ಒಂದೊಂದು ಫಾರಂ ಮಾಡುತ್ತೇವೆ. ಒಂದು ಪುಸ್ತಕಕ್ಕೆ ಹದಿನಾಲ್ಕು ಫಾರಂ ಇದ್ದರೆ ಉದ್ದನೆಯ ಮೇಜಿನ ಸುತ್ತ ಹದಿನಾಲ್ಕು ಗುಡ್ಡೆ. ಒಂದೊಂದು ಗುಡ್ಡೆಯಿಂದ ಒಂದೊಂದನ್ನು ಎತ್ತಿಕೊಳ್ಳುತ್ತ ಸುತ್ತು ಮುಗಿಸಿದರೆ ಕೈಯಲ್ಲಿ ಒಂದು ಪುಸ್ತಕ, ಹೊಲಿಗೆಗೆ ಸಿದ್ಧ. ಕಾಲು, ಕೈ, ಕಣ್ಣು ಮೂರೂ ಒಟ್ಟಿಗೆ ಓಡಬೇಕು. ಬಾಯಿ ಓಡಿದರೆ ಎಣಿಕೆ ತಪ್ಪುತ್ತದೆ, ಆದರೂ ನಾವು ರೇಡಿಯೋ ಎಂದು ಕರೆಯುವ ನಮ್ಮ ಗೆಳತಿ ಬಾಯಿ ಮುಚ್ಚಿದ್ದನ್ನು ನಾನು ನೋಡಿಲ್ಲ.

ನನಗೆ ಹೆಸರಿಟ್ಟವಳು ಅವಳೇ. ಒಂಬತ್ತು ವರ್ಷದ ಹಿಂದೆ ನಾನು ಕೆಲಸಕ್ಕೆ ಸೇರಿದ ಮೊದಲ ದಿನ, ಊಟದ ಬೆಂಚಿನ ಮೇಲೆ ಕೂತು, ಡಬ್ಬಿ ತೆಗೆಯುವ ಮುಂಚೆ ಕಣ್ಣು ಮುಚ್ಚಿಕೊಂಡೆ. ಮನೆಯಲ್ಲಿ ಮಾಡುವ ಹಾಗೆಯೇ ನಾಲ್ಕು ಮಾತಿನ ಪ್ರಾರ್ಥನೆ ಹೇಳಿ, ಕೊನೆಗೆ ಗಟ್ಟಿಯಾಗಿ "ಆಮೆನ್" ಎಂದೆ. ಕಣ್ಣು ಬಿಟ್ಟರೆ ಆರೂ ಜನ ನನ್ನನ್ನೇ ನೋಡುತ್ತಿದ್ದರು.

"ಏನಂದೆ? ಆಮೆನಾ? ಎಲ್ಲಿ?" ಎಂದು ರೇಡಿಯೋ ಬೆಂಚಿನ ಕೆಳಗೆ ಬಗ್ಗಿ ಹುಡುಕಿದಳು. ಎಲ್ಲರೂ ಬಿದ್ದು ಬಿದ್ದು ನಕ್ಕರು. "ಆಮೆನ್ ಆಮೇಲೆ ಕಣೇ, ಮೊದಲು ಊಟ!" ಎಂಬುದು ಅವಳ ಎರಡನೆಯ ಏಟು. ಅಂದಿನಿಂದ ನಾನು ಆಮೆ.

ಎರಡು ವರ್ಷ ಚೆನ್ನಾಗಿ ಅರೆದರು. ನಾನು ಕಣ್ಣು ಮುಚ್ಚಿದಾಗ ಡಬ್ಬಿ ಮಾಯವಾಗುತ್ತಿತ್ತು. "ನಿನ್ನ ದೇವರಿಗೆ ಕೇಳು, ಎಲ್ಲಿಟ್ಟಿದೀವಿ ಅಂತ ಹೇಳ್ತಾನೆ" ಎನ್ನುತ್ತಿದ್ದರು. ನನಗೂ ಸಿಟ್ಟು ಮೂಗಿನ ತುದಿಯಲ್ಲೇ. ಒಂದು ದಿನ ಅಂಟಿನ ಬ್ರಷ್ಷನ್ನು ರೇಡಿಯೋ ಕಡೆಗೆ ಎಸೆದೆ. ಅದು ಅವಳಿಗೆ ತಾಗದೆ, ಗೋಡೆಗೆ ಒರಗಿ ತೂಕಡಿಸುತ್ತಿದ್ದ ದೊಡ್ಡಕ್ಕನಿಗೆ ತಾಗಿತು. ದೊಡ್ಡಕ್ಕ ನಮ್ಮೆಲ್ಲರಿಗಿಂತ ಹಿರಿಯಳು, ಮೇಜಿನ ನಿಜವಾದ ಆಮೆ ಅವಳೇ. ಕೂದಲಿಗೆ ಅಂಟು ಮೆತ್ತಿಕೊಂಡು ಎದ್ದು, "ಊಟ ಮುಗೀತಾ?" ಎಂದು ಕೇಳಿದಳು. ಆ ದಿನ ನಾನೂ ನಕ್ಕೆ.

ನಕ್ಕ ಮೇಲೆ ಕಷ್ಟ ಕಡಿಮೆಯಾಯಿತು, ಮತ್ತು ತೊಂದರೆ ಶುರುವಾದದ್ದೂ ಅಲ್ಲಿಂದಲೇ. ಮೊದಲು ಆಮೆನ್ ಎಂಬುದನ್ನು ಸ್ವಲ್ಪ ಮೆತ್ತಗೆ ಹೇಳತೊಡಗಿದೆ. ಆಮೇಲೆ ತುಟಿಯಲ್ಲಿ. ಆಮೇಲೆ ಬಾಯೊಳಗೇ. ಕಡೆಗೆ ಡಬ್ಬಿಯ ಮುಚ್ಚಳ ತೆಗೆಯುವಾಗ ಒಂದು ಗಳಿಗೆ ತಲೆ ತಗ್ಗಿಸಿದರೆ ಸಾಕು, ದೇವರಿಗೆ ಗೊತ್ತಾಗುತ್ತದೆ ಎಂದು ನನಗೆ ನಾನೇ ಹೇಳಿಕೊಂಡೆ. ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ. ಅಷ್ಟು ಹೊತ್ತಿಗೆ ಅವರ ಬಾಯಲ್ಲಿ ಆಮೆ ಎಂಬುದು ಬೈಗುಳವಾಗಿ ಉಳಿದಿರಲಿಲ್ಲ. "ಆಮೆ ಬಂದ್ಳಾ? ಆಮೆಗೆ ಜಾಗ ಬಿಡ್ರೇ" ಎನ್ನುವಾಗ ಅದರಲ್ಲಿ ಅಕ್ಕರೆ ಇರುತ್ತಿತ್ತು. ನನ್ನ ಗಂಡ ತೀರಿಕೊಂಡಾಗ ರೇಡಿಯೋ ಇಪ್ಪತ್ತು ದಿನ ತನ್ನ ಕೆಲಸದ ಜೊತೆಗೆ ನನ್ನ ಪಾಲಿನ ಫಾರಂಗಳನ್ನೂ ಮಡಿಸಿಟ್ಟಳು. ನಾನು ತಿರುಗಿ ಬಂದ ದಿನ ಒಂದೂ ಮಾತಾಡದೆ ತನ್ನ ಡಬ್ಬಿಯ ಅರ್ಧವನ್ನು ನನ್ನ ಡಬ್ಬಿಗೆ ಸುರಿದಳು. ಅವಳು ಮಾತಾಡದೆ ಇದ್ದದ್ದು ಅದೊಂದೇ ಊಟದ ಹೊತ್ತು ಇರಬೇಕು. ಅವಳನ್ನು ನಾನು ಒಡಹುಟ್ಟಿದವಳಿಗಿಂತ ಹೆಚ್ಚಾಗಿ ಹಚ್ಚಿಕೊಂಡಿದ್ದೆ.

ಮನೆಯಲ್ಲಿ ನಾನೂ ಅತ್ತೆಯೂ ಇಬ್ಬರೇ. ಅತ್ತೆಗೆ ಒಂದು ಕಿವಿ ಕೇಳಿಸುವುದಿಲ್ಲ. ನಾನು ಸಂಜೆ ಬಂದು ಚಪ್ಪಲಿ ಬಿಡುತ್ತಿದ್ದ ಹಾಗೆ, "ಪ್ರಾರ್ಥನೆ ಮಾಡಿ ಉಂಡ್ಯಾ?" ಎಂದು ಕೇಳುತ್ತಾರೆ. ಬೇರೆ ಅತ್ತೆಯಂದಿರು ಹಾಲು ಉಕ್ಕಿತಾ, ಬಾಗಿಲು ಹಾಕಿದೆಯಾ ಎಂದು ಕೇಳಿದ ಹಾಗೆ. ನಾನು ಕೇಳದ ಕಿವಿಯ ಕಡೆ ನಿಂತು "ಹೂಂ" ಎನ್ನುತ್ತಿದ್ದೆ.

ಹೀಗೆ ನಡೆಯುತ್ತಿದ್ದಾಗ ಹೊಸ ಮೇನೇಜರು ಬಂದರು. ಸಣಕಲು ಆಳು, ಕೂಗಾಡುವವರಲ್ಲ. ಜೇಬಿನಲ್ಲಿ ಒಂದು ಚಿಕ್ಕ ಪುಸ್ತಕ ಇಟ್ಟುಕೊಂಡು, ಯಾರು ಏನು ಹೇಳಿದರೂ ಅದರಲ್ಲಿ ಬರೆದುಕೊಳ್ಳುತ್ತಿದ್ದರು. ಮೊದಲ ದಿನವೇ ಗೋಡೆಯ ಮೇಲೆ ಯಾರೋ ಯಾವಾಗಲೋ ಅಂಟಿಸಿದ್ದ ದೇವರ ಪಟಗಳನ್ನೆಲ್ಲ ತೆಗೆಸಿದರು. "ದೇವರು ದಿಂಡರು ಎಲ್ಲ ಮನೇಲಿ. ಇಲ್ಲಿ ಕಾಗದ, ದಾರ, ಅಂಟು" ಎಂದರು. ಎರಡನೆಯ ದಿನ ಊಟದ ಹೊತ್ತಿಗೆ ನಮ್ಮ ಬೆಂಚಿನ ಹತ್ತಿರ ಬಂದು ನಿಂತರು. ಅದೇ ಹೊತ್ತಿಗೆ ರೇಡಿಯೋ, "ಆಮೇ, ನೀರು ಕೊಡೇ" ಎಂದಳು.

"ಆಮೆ? ಇವರನ್ನ ಯಾಕೆ ಆಮೆ ಅಂತೀರಿ?"

ಯಾರೂ ಬಾಯಿ ಬಿಡಲಿಲ್ಲ. ನನ್ನ ಮಾನ ಉಳಿಸಲಿಕ್ಕೆಂದು ಸುಮ್ಮನಾದರು, ಅದು ನನಗೆ ಗೊತ್ತಿತ್ತು. ಮೇನೇಜರು ನನ್ನ ಮುಖ ನೋಡಿದರು. ಕೈಯಲ್ಲಿ ಆ ಚಿಕ್ಕ ಪುಸ್ತಕ. ನನ್ನ ಕಿವಿ ಬಿಸಿಯಾಯಿತು.

"ನಾನು ಸ್ವಲ್ಪ ನಿಧಾನ ಸಾರ್. ಅದಕ್ಕೆ" ಎಂದೆ.

ಎಲ್ಲರೂ ಉಸಿರು ಬಿಟ್ಟು ನಕ್ಕರು. ರೇಡಿಯೋ ಬೆಂಚಿನ ಕೆಳಗೆ ನನ್ನ ಕೈ ಹಿಸುಕಿ, "ಭಲೇ" ಎಂದು ಪಿಸುಗುಟ್ಟಿದಳು. ಮೇನೇಜರು ಮಾತ್ರ ನಗದೆ ಬರೆದುಕೊಂಡರು.

ಮಾರನೆಯ ದಿನ ಬೆಳಿಗ್ಗೆ ನನ್ನನ್ನು ಮೇಜಿನಿಂದ ತೆಗೆದು ಹಿಂದಿನ ಕೋಣೆಗೆ ಹಾಕಿದರು. ಕಲೆ ಬಿದ್ದ, ಮಸಿ ಹರಡಿದ ಹಾಳೆಗಳನ್ನು ಒಂದೊಂದಾಗಿ ನೋಡಿ ಬೇರೆ ಮಾಡುವ ಕೆಲಸ. "ಅವಸರ ಇಲ್ಲ ಇದಕ್ಕೆ, ನಿಮಗೆ ಸರಿಹೋಗುತ್ತೆ" ಎಂದರು, ಬಹಳ ಮರ್ಯಾದೆಯಿಂದ. ತಾನೇ ತೋಡಿದ ಹಳ್ಳಕ್ಕೆ ತಾನೇ ಬಿದ್ದವರು ಯಾರ ಹತ್ತಿರ ದೂರಬೇಕು? ಅದರ ಮೇಲೆ ಇನ್ನೊಂದು ಫಜೀತಿ. ಬೇಗ ಬೇಗ ಮಾಡಿದರೆ ಸುಳ್ಳು ಹೊರಬೀಳುತ್ತದೆ. ಹಾಗಾಗಿ ಒಂದು ಗಂಟೆಯ ಕೆಲಸವನ್ನು ದಿನವಿಡೀ ಎಳೆಯಬೇಕು. ಬಾಗಿಲಲ್ಲಿ ಮೇನೇಜರ ಚಪ್ಪಲಿ ಸದ್ದಾದರೆ ಸಾಕು, ನಾನು ಒಂದು ಹಾಳೆಯನ್ನು ಎತ್ತಿ ಬೆಳಕಿಗೆ ಹಿಡಿದು, ಆ ಕಡೆ ತಿರುಗಿಸಿ, ಈ ಕಡೆ ತಿರುಗಿಸಿ, ನಿಟ್ಟುಸಿರು ಬಿಡುತ್ತಿದ್ದೆ. ಹತ್ತು ದಿನದಲ್ಲಿ ನನ್ನ ಬೆನ್ನು ನಿಜಕ್ಕೂ ಗೂನಾಗುತ್ತದೇನೋ ಅನ್ನಿಸಿತು.

ಆ ಕೋಣೆಯಲ್ಲಿ ಮಾತಿಗೆ ಯಾರೂ ಇಲ್ಲ. ಯೋಚನೆಗೆ ಮಾತ್ರ ಬೇಕಾದಷ್ಟು ಹೊತ್ತು. ಹಾಳೆಗಳಲ್ಲಿ ಎಲ್ಲಿ ಒತ್ತಕ್ಷರ ಹಾರಿದೆ, ಎಲ್ಲಿ ಕೊಂಬು ಮುರಿದಿದೆ ಎಂದು ನೋಡುತ್ತ ನೋಡುತ್ತ ನನ್ನದೇ ಲೆಕ್ಕ ಹೊಳೆಯಿತು. ಆಮೆನ್ ಎಂಬ ಮಾತಿನಿಂದ ಆಮೆ ಆಗಲಿಕ್ಕೆ ಹೋಗಬೇಕಾದದ್ದು ಒಂದು ಅರ್ಧ ನಕಾರ. ರೇಡಿಯೋ ಅದನ್ನು ಕಿತ್ತದ್ದು ತಮಾಷೆಗೆ. ಅದು ಹೋದರೆ ಹೋಗಲಿ ಎಂದು ಬಿಟ್ಟವಳು ನಾನು. ನಕಾರ ಅಂದರೆ ಅಕ್ಷರವೂ ಹೌದು, ಇಲ್ಲ ಅನ್ನುವುದೂ ಹೌದು. ನಾನು ಕ್ರಿಸ್ತನನ್ನು ಪೂರ್ತಿ ಇಲ್ಲ ಅಂದಿರಲಿಲ್ಲ, ಅರ್ಧ ಅಂದಿದ್ದೆ. ಭಾನುವಾರ ಹೌದು, ಬೆಂಚಿನ ಮೇಲೆ ಇಲ್ಲ. ಅವರು ನಕ್ಕ ಎರಡು ವರ್ಷ ನಾನು ಗಟ್ಟಿಯಾಗಿದ್ದೆ, ಪ್ರೀತಿಸಿದ ಏಳು ವರ್ಷದಲ್ಲಿ ಕರಗಿಹೋದೆ. ಅದು ತಿಳಿದಾಗ ಹಾಳೆ ಕೆಳಗಿಟ್ಟು ಅತ್ತುಬಿಟ್ಟೆ. ದೇವರ ಮೇಲೆ ನನಗೆ ಪ್ರೀತಿ ಇದೆ, ಯಾವಾಗಲೂ ಇತ್ತು. ಅದನ್ನು ಬಚ್ಚಿಟ್ಟದ್ದಕ್ಕೆ ನಾಚಿಕೆಯಾಗಿ ಅತ್ತೆ.

ಹನ್ನೊಂದನೆಯ ದಿನ ಶಾಲೆಯ ಪುಸ್ತಕಗಳ ದೊಡ್ಡ ಲಾಟು ತಡವಾಯಿತು. ಮೇಜಿನ ಹತ್ತಿರ ಮೇನೇಜರ ದನಿ ಮೊದಲ ಸಲ ಸ್ವಲ್ಪ ಏರಿತು. ರೇಡಿಯೋ ತಡೆಯಲಾರದೆ, "ಓಡೋ ಕುದುರೇನ ಹಿಂದಿನ ಕೋಣೇಲಿ ಕಟ್ಟಿ ಹಾಕಿ, ನಮ್ಮನ್ನ ಓಡಿ ಅಂದ್ರೆ ಹೇಗೆ ಸಾರ್?" ಎಂದುಬಿಟ್ಟಳು. ನನ್ನನ್ನು ಕರೆಸಿದರು. ಮೇನೇಜರು ಗಡಿಯಾರ ಬಿಚ್ಚಿ ಮೇಜಿನ ಮೇಲಿಟ್ಟು, "ಅರ್ಧ ಗಂಟೆ. ನೋಡೋಣ" ಎಂದರು.

ನನಗೂ ಹತ್ತು ದಿನದ ಹಸಿವು. ಬೆರಳಿಗೆ ನೀರು ಮುಟ್ಟಿಸಿಕೊಂಡು ಹೊರಟೆ. ಹದಿನಾಲ್ಕು ಗುಡ್ಡೆ, ಹದಿನಾಲ್ಕು ಕೈಬೀಸು. ಕಟಿಂಗ್ ಮಷೀನಿನವನು ಮಷೀನು ನಿಲ್ಲಿಸಿ ನೋಡಿದ. ಅರ್ಧ ಗಂಟೆಗೆ ತೊಂಬತ್ತಾರು ಪುಸ್ತಕ. ಉಳಿದವರು ಅರವತ್ತು ದಾಟುವುದಿಲ್ಲ. ಮೇನೇಜರು ಒಂದೊಂದು ಪುಸ್ತಕವನ್ನೂ ಎತ್ತಿ ಬೆನ್ನು ನೋಡಿದರು. ಪ್ರತಿ ಫಾರಂನ ಬೆನ್ನಿಗೆ ಒಂದು ಕಪ್ಪು ಗುರುತು ಅಚ್ಚಾಗಿರುತ್ತದೆ. ಜೋಡಿಸಿದ್ದು ಸರಿಯಿದ್ದರೆ ಗುರುತುಗಳು ಮೆಟ್ಟಿಲಿನ ಹಾಗೆ ಇಳಿಯುತ್ತವೆ. ತೊಂಬತ್ತಾರರಲ್ಲೂ ಮೆಟ್ಟಿಲು ಮುರಿದಿರಲಿಲ್ಲ.

"ನನಗೆ ಒಬ್ಬರು ಇನ್‌ಚಾರ್ಜ್ ಬೇಕಾಗಿತ್ತು. ಇವತ್ತಿಂದ ನೀವೇ" ಎಂದರು. ಹೆಂಗಸರು ಚಪ್ಪಾಳೆ ತಟ್ಟಿದರು. ಮೇನೇಜರು ಜೇಬಿನಿಂದ ಚಿಕ್ಕ ಪುಸ್ತಕ ತೆಗೆದು ಹಿಂದಿನ ಹಾಳೆ ತಿರುಗಿಸಿ, "ಆದ್ರೆ ಅವತ್ತು ನೀವೇ ನಿಧಾನ ಅಂದ್ರಲ್ಲಮ್ಮ?" ಎಂದು ಕೇಳಿದರು.

ನನಗಿಂತ ಮುಂಚೆ ರೇಡಿಯೋ ಬಾಯಿ ಹಾಕಿದಳು. "ಅಯ್ಯೋ, ಅದು ತಮಾಷೆ ಸಾರ್! ದಪ್ಪಗಿರೋನ್ನ ಕಡ್ಡಿ ಅನ್ನಲ್ವಾ, ಹಾಗೆ. ಜೋರಾಗಿ ಓಡ್ತಾಳೆ, ಅದಕ್ಕೇ ಉಲ್ಟಾ ಆಮೆ. ಅಲ್ವೇನೇ?"

ಎಷ್ಟು ಚೆನ್ನಾದ ಸುಳ್ಳು! ಕೇಳಿದವರು ಹೌದೆನ್ನಬೇಕು. ನಾನು ಒಂದು ಸಲ ತಲೆ ಆಡಿಸಿದರೆ ಸಾಕಿತ್ತು, ಹುದ್ದೆಯೂ ಉಳಿಯುತ್ತಿತ್ತು, ಗೆಳತಿಯೂ ಉಳಿಯುತ್ತಿದ್ದಳು. ರೇಡಿಯೋ ನನ್ನ ಕಡೆ ನೋಡಿ ಕಣ್ಣು ಮಿಟುಕಿಸಿದಳು. ಅವಳ ಮೇಲೆ ನನಗೆ ಎಷ್ಟು ಪ್ರೀತಿ ಉಕ್ಕಿತೆಂದರೆ, ತಲೆ ಅರ್ಧ ಆಡಿಯೇಬಿಟ್ಟಿತ್ತು.

"ಅಲ್ಲ ಸಾರ್" ಎಂದೆ. "ಅದು ಆಮೆ ಅಲ್ಲ, ಆಮೆನ್. ನಾನು ಕ್ರಿಸ್ತನನ್ನ ನಂಬಿದೋಳು. ಊಟಕ್ಕೆ ಮುಂಚೆ ಪ್ರಾರ್ಥನೆ ಮಾಡ್ತಿದ್ದೆ. ಇವರು ನಗ್ತಾರೆ ಅಂತ ಬಿಟ್ಟುಬಿಟ್ಟೆ. ಅವತ್ತು ನೀವು ಕೇಳಿದಾಗ ನಾಚಿಕೆಯಾಗಿ ಸುಳ್ಳು ಹೇಳಿದೆ."

ಮೇನೇಜರು ಕನ್ನಡಕ ತೆಗೆದು ಒರೆಸಿಕೊಂಡರು.

"ಅಂದ್ರೆ ಅವತ್ತು ಹೇಳಿದ್ದು ಸುಳ್ಳು."

"ಹೌದು ಸಾರ್."

"ಹತ್ತು ದಿನ ಒಳಗಡೆ ನಿಧಾನವಾಗಿ ಕೆಲಸ ಮಾಡಿದ್ದು?"

"ಅದೂ ಸುಳ್ಳೇ."

"ಈಗ ಈಯಮ್ಮ ಹೇಳಿದ್ದು?"

ನಾನು ರೇಡಿಯೋ ಕಡೆ ನೋಡಲಿಲ್ಲ. "ಅವಳು ನನ್ನ ಮೇಲಿನ ಪ್ರೀತಿಗೆ ಹೇಳಿದ್ದು ಸಾರ್."

"ಪ್ರೀತಿಗೆ ಹೇಳಿದ್ರೂ ಸುಳ್ಳಿಗೆ ಬೇರೆ ಹೆಸರಿಲ್ಲ" ಎಂದು ಅವರು ಮೆಲ್ಲಗೆ ನಕ್ಕರು. "ದೇವರ ಹೆಸರು ಹೇಳಿ ಊಟ ಮಾಡೋರೂ ಸುಳ್ಳು ಹೇಳ್ತಾರೆ ಅಂತಾಯ್ತು. ಕೆಲಸಕ್ಕೇನೂ ತೊಂದ್ರೆ ಇಲ್ಲಮ್ಮ, ಮೇಜಿಗೇ ಬನ್ನಿ. ಇನ್‌ಚಾರ್ಜ್ ಮಾತ್ರ ಕೊಡೋಕಾಗಲ್ಲ. ನಾಳೆ ಒಂದು ಲಾಟು ಕೆಟ್ಟರೆ ನಿಮ್ಮ ಮಾತನ್ನ ಹೇಗೆ ನಂಬಲಿ?"

ಸುಳ್ಳು ಹೇಳಿ ಹತ್ತು ದಿನ ಮರ್ಯಾದೆಯಿಂದ ಇದ್ದೆ, ನಿಜ ಹೇಳಿದ ಅರ್ಧ ನಿಮಿಷಕ್ಕೆ ಸುಳ್ಳುಗಾತಿಯಾದೆ. ಆದರೆ ಅವರು ಅಂದದ್ದರಲ್ಲಿ ತಪ್ಪಿರಲಿಲ್ಲ. ನಂಬಿದ್ದಕ್ಕೆ ನಕ್ಕಿದ್ದರೆ ತಡೆದುಕೊಳ್ಳಬಹುದಿತ್ತು. ಅವರು ನಕ್ಕದ್ದು ನಾನು ನಂಬಿದ ಹಾಗೆ ನಡೆಯದೆ ಇದ್ದದ್ದಕ್ಕೆ. ಇನ್‌ಚಾರ್ಜ್ ದೊಡ್ಡಕ್ಕನಿಗೆ ಹೋಯಿತು. ಅವಳನ್ನು ಎಬ್ಬಿಸಿ ಹೇಳಬೇಕಾಯಿತು.

ಊಟದ ಹೊತ್ತಿಗೆ ರೇಡಿಯೋ ನನ್ನ ಎದುರು ಬಂದು ನಿಂತಳು. ಮುಖ ಕೆಂಪಾಗಿತ್ತು.

"ನಿನಗೋಸ್ಕರ ಬಾಯಿ ಬಿಟ್ಟೆ. ನಾಲ್ಕು ಜನರ ಮುಂದೆ ನನ್ನನ್ನ ಸುಳ್ಳುಗಾತಿ ಮಾಡಿದೆ. ನಿನ್ನ ದೇವರಿಗೆ ನನ್ನ ಮಾನ ಬೇಕಾಗಿತ್ತಾ?"

"ನಿನ್ನ ಮಾನ ಅಲ್ಲ ಕಣೆ, ನನ್ನ..."

"ಸಾಕು. ಒಂಬತ್ತು ವರ್ಷ ಇಲ್ಲದ ಸತ್ಯ ಇವತ್ತು ಎದ್ದು ಬಂತು."

ಡಬ್ಬಿ ಎತ್ತಿಕೊಂಡು ಕಿಟಕಿಯ ಕಡೆಯ ಬೆಂಚಿಗೆ ಹೋದಳು. ಒಬ್ಬೊಬ್ಬರಾಗಿ ಉಳಿದವರೂ ಹೋದರು. ದೊಡ್ಡಕ್ಕ ಎರಡೂ ಕಡೆ ನೋಡಿ, ಒರಗಲಿಕ್ಕೆ ಗೋಡೆ ಸಿಕ್ಕುವ ಕಡೆಗೆ ಹೋದಳು. ಬೆಂಚಿನಲ್ಲಿ ನಾನೊಬ್ಬಳೇ. ಕಣ್ಣು ಮುಚ್ಚಿ, ಒಂಬತ್ತು ವರ್ಷದ ಹಿಂದಿನ ಹಾಗೆಯೇ ನಾಲ್ಕು ಮಾತು ಹೇಳಿ, ಗಟ್ಟಿಯಾಗಿ ಆಮೆನ್ ಎಂದೆ. ನಗಲಿ ಎಂದು ಕಾದೆ. ಯಾರೂ ನಗಲಿಲ್ಲ. ಆ ಮೌನ ನನ್ನನ್ನು ತಿಂದಷ್ಟು ಹಳೆಯ ನಗೆ ಎಂದೂ ತಿಂದಿರಲಿಲ್ಲ.

ಸಂಜೆ ಅತ್ತೆಯ ಕೇಳುವ ಕಿವಿಯ ಕಡೆ ಕೂತು ಎಲ್ಲ ಹೇಳಿದೆ. ಏಳು ವರ್ಷದ "ಹೂಂ"ಗಳನ್ನೂ ಹೇಳಿದೆ. ಅವರು ಬಟ್ಟೆ ಮಡಿಸುತ್ತ ಕೇಳಿಸಿಕೊಂಡರು.

"ಗೊತ್ತಿತ್ತು" ಎಂದರು.

"ಹೇಗೆ ಅತ್ತೆ?"

"ಪ್ರಾರ್ಥನೆ ಮಾಡಿ ಬಂದೋಳು ಕೇಳದ ಕಿವಿ ಹುಡುಕ್ಕೊಂಡು ಬರ್ತಾಳಾ?"

"ಮತ್ತೆ ದಿನಾ ಯಾಕೆ ಕೇಳ್ತಿದ್ರಿ?"

"ನೀನು ಇಲ್ಲ ಅನ್ನೋವರೆಗೂ ಕೇಳೋಣ ಅಂತ." ಮಡಿಸಿದ ಬಟ್ಟೆಯನ್ನು ನನ್ನ ಮಡಿಲಿಗಿಟ್ಟರು. "ಆ ಹುಡುಗಿಗೆ ನೋವಾಗಿದೆ. ನಿಂದು ಸರಿ ಅಂತ ಅವಳ ನೋವು ಸುಳ್ಳಾಗಲ್ಲ. ಬಾ, ಊಟ ಮಾಡು."

ಮಾರನೆಯ ದಿನದಿಂದ ಕೆಲಸದಲ್ಲಿ ಯಾರೂ ನನ್ನನ್ನು ಆಮೆ ಎನ್ನಲಿಲ್ಲ. ನನ್ನ ಹೆಸರು ಹಿಡಿದು, ಹಿಂದೆ "ಅವರೇ" ಸೇರಿಸಿ ಕರೆದರು. "ಸ್ವಲ್ಪ ಆ ಕಡೆ ಸರೀತೀರಾ?" ಎಂದು ರೇಡಿಯೋ ನನ್ನನ್ನು ಕೇಳಿದಾಗ ಫಾರಂ ನನ್ನ ಕೈಯಿಂದ ಜಾರಿತು. ಆ ಹೆಸರನ್ನು ಎರಡು ವರ್ಷ ಶಪಿಸಿದವಳು ನಾನು. ಈಗ ಯಾರಾದರೂ ಒಂದು ಸಲ ಆಮೆ ಎನ್ನಬಾರದೇ ಎಂದು ಹಂಬಲಿಸಿದೆ. ಕಟಿಂಗ್ ಮಷೀನಿನವನು ಮಾತ್ರ ನಾನು ಹಾದುಹೋಗುವಾಗಲೆಲ್ಲ "ದಾರಿ ಬಿಡ್ರಪ್ಪಾ, ಸತ್ಯವಂತರು ಬಂದ್ರು" ಎನ್ನುತ್ತಿದ್ದ. ಅವನಿಗೆ ಎಸೆಯಲಿಕ್ಕೆ ಬ್ರಷ್ಷು ಹತ್ತಿರದಲ್ಲೇ ಇರುತ್ತಿತ್ತು, ಮುಟ್ಟಲಿಲ್ಲ. ಎರಡು ಸಲ ಮುಟ್ಟಿದೆ, ಎಸೆಯಲಿಲ್ಲ.

ಊಟದ ಹೊತ್ತಿಗೆ ದಿನವೂ ಅದೇ ಬೆಂಚಿನಲ್ಲಿ ಕೂತೆ. ಅವರ ಬೆಂಚಿಗೂ ನನ್ನದಕ್ಕೂ ನಡುವೆ ಹತ್ತು ಹೆಜ್ಜೆ. ಒಂದು ಮೂಲೆಗೆ ಹೋಗಿ ಗೋಡೆಗೆ ಮುಖ ಮಾಡಿ ಪ್ರಾರ್ಥಿಸಬಹುದಿತ್ತು, ಅದು ಮತ್ತೆ ಹಳೆಯ ದಾರಿ. ಗಟ್ಟಿಯಾಗಿಯೇ ಹೇಳಿದೆ. ಊಟಕ್ಕಾಗಿ ಸ್ತೋತ್ರ, ಅತ್ತೆಗೆ ಆರೋಗ್ಯ, ಕೆಲಸದವರಿಗೆಲ್ಲ ಒಳ್ಳೆಯದು. ಒಂದು ವಾರ ಹಾಗೆ ಹೇಳಿದ ಮೇಲೆ ನನಗೇ ಅಸಹ್ಯವಾಯಿತು. ಕೆಲಸದವರಿಗೆಲ್ಲ ಒಳ್ಳೆಯದಂತೆ! ಒಳಗೆ ರೇಡಿಯೋ ಮೇಲೆ ಕೆಂಡ ಕಾರುತ್ತಿದ್ದೆ. ಇಪ್ಪತ್ತು ದಿನ ನನ್ನ ಫಾರಂ ಮಡಿಸಿದವಳು ಒಂದು ಮಾತಿಗೆ ಹೀಗೆ ಬೆನ್ನು ತಿರುಗಿಸಬಹುದೇ ಎಂದು ಉರಿಯುತ್ತಿದ್ದೆ. ಒಳಗೊಂದು ಹೊರಗೊಂದು ಇಟ್ಟುಕೊಂಡು ಕಣ್ಣು ಮುಚ್ಚಿದರೆ ಇದೂ ಮೇನೇಜರಿಗೆ ಹೇಳಿದ ಸುಳ್ಳಿನ ಜಾತಿಯದೇ.

ಎಂಟನೆಯ ದಿನ ಕಣ್ಣು ಮುಚ್ಚಿ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. "ಸ್ವಾಮಿ, ಈ ಊಟಕ್ಕೆ ಸ್ತೋತ್ರ. ರೇಡಿಯೋ ಮೇಲೆ ನನಗೆ ಬಹಳ ಸಿಟ್ಟಿದೆ. ಅವಳನ್ನ ಬಿಟ್ಟು ಊಟ ಸೇರ್ತಿಲ್ಲ, ಅದಕ್ಕೇ ಸಿಟ್ಟು. ಆಮೆನ್."

ಕಿಟಕಿಯ ಕಡೆ ಡಬ್ಬಿಗಳ ಸದ್ದು ನಿಂತಿತು.

ಒಂಬತ್ತನೆಯ ದಿನ, "ಸ್ವಾಮಿ, ಇವತ್ತೂ ಸಿಟ್ಟಿದೆ. ನಿನ್ನೆಗಿಂತ ಒಂದು ಕೂದಲೆಳೆ ಕಡಿಮೆ. ಅವಳಿಗೆ ಮೊದಲೇ ಒಂದು ಮಾತು ಹೇಳದೆ ನಾನು ಅವಳನ್ನ ಎಲ್ಲರ ಮುಂದೆ ಒಬ್ಬಂಟಿ ಮಾಡಿದೆ, ಅದು ನನ್ನ ತಪ್ಪು. ನಿಜ ಹೇಳಿದ್ದು ತಪ್ಪಲ್ಲ. ಆಮೆನ್" ಎಂದೆ.

ಕಣ್ಣು ಬಿಟ್ಟು ಮುಚ್ಚಳಕ್ಕೆ ಕೈ ಹಾಕುವಷ್ಟರಲ್ಲಿ ಕಿಟಕಿಯ ಬೆಂಚಿನಿಂದ ಒಂದು ಕೂಗು ಬಂತು. ಇಡೀ ಬೈಂಡಿಂಗ್ ಅಂಗಡಿಗೆ ಕೇಳುವಂಥ ಕೂಗು.

"ನನಗೂ ಸಿಟ್ಟಿದೆ ಕಣೇ! ಬರೀ ನಿಂದು ಹೇಳ್ಕೊಂಡು ಮುಗಿಸಿಬಿಡ್ತೀಯಲ್ಲ, ಅದನ್ನೂ ಹೇಳು ಅವನಿಗೆ!"

ಎಲ್ಲರೂ ಅವಳ ಕಡೆ ತಿರುಗಿದರು. ರೇಡಿಯೋ ನನ್ನ ಕಡೆ ನೋಡದೆ ಕಿಟಕಿಯ ಆಚೆ ನೋಡುತ್ತಿದ್ದಳು.

ನಾನು ಮುಚ್ಚಳ ಬಿಟ್ಟು, ಮತ್ತೆ ಕಣ್ಣು ಮುಚ್ಚಿ, ಅವಳದನ್ನೂ ಹೇಳಿದೆ.